ಪಲ್ಲಕ್ಕಿಯಿಂದ ಇಳಿಯದ ಫ್ರೆಂಚ್ ಹೆಂಗಸು

ನನ್ನ ಗಂಡನಿಗೆ ಜರ್ಮನಿಯ ಗ್ರೀನ್ ಕಾರ್ಡ್ ಸಿಕ್ಕಿ ನಾವಿಬ್ಬರೂ ಧಾರವಾಡದಿಂದ ಅಲ್ಲಿನ ರೆನ್ನಿಂಗೆನ್ ಎಂಬ ಊರಿಗೆ ಬಂದು ಮೂರು ತಿಂಗಳಾಗಿತ್ತು. ನಮ್ಮೂರಿನ ವಾರಪತ್ರಿಕೆಗೆ ಜರ್ಮನಿಯ ಬಗ್ಗೆ ಬರೆಯುತ್ತೇನೆಂದು ನಾನಾಗಲೇ ಒಪ್ಪಿಕೊಂಡಿದ್ದೆ. ಜರ್ಮನ್ ಬರುತ್ತಿರಲಿಲ್ಲ ನಿಜ, ಆದರೆ ಅಭಿಪ್ರಾಯಕ್ಕೇನು ಬರ?

ಮಾದರಿಗೆಂದು ಹಳೆಯ ಪುಸ್ತಕವೊಂದನ್ನು ಇಟ್ಟುಕೊಂಡಿದ್ದೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಹೆಂಗಸೊಬ್ಬಳ ಆತ್ಮಕಥೆ, ಇಂಗ್ಲಿಷ್ ಅನುವಾದ. ಗಂಡ ತೀರಿದ ಮೇಲೆ ಒಬ್ಬಳೇ ಹಡಗು ಹತ್ತಿ, ನಮ್ಮ ದೇಶಕ್ಕೂ ಬಂದು, ಪಲ್ಲಕ್ಕಿಯಲ್ಲಿ ಊರೂರು ಸುತ್ತಿ, ಪ್ರವಾಸಕಥನ ಬರೆದು ಹೆಸರು ಮಾಡಿದವಳು. ರಂಗೋಲಿಯನ್ನು ಇರುವೆ ಬಾರದಂತೆ ಚೆಲ್ಲುವ ಮದ್ದು ಎಂದು ಬರೆದಿದ್ದಳಂತೆ. ಯಾರನ್ನಾದರೂ ಕೇಳಬಾರದಿತ್ತೇ ಮಹಾತಾಯಿ ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ.

ನನ್ನ ಲೇಖನಕ್ಕೆ ಸಿಕ್ಕವಳು ನಮ್ಮದೇ ಮಹಡಿಯ ಎದುರುಮನೆಯ ಮುದುಕಿ. ನಾವು ಬಂದ ವಾರ ನಮ್ಮ ಬಾಗಿಲಿಗೆ ಅಕ್ಷರ ಕೊರೆದ ಮರದ ಹಲಗೆಯೊಂದನ್ನು ತೂಗುಹಾಕಿದ್ದಳು. ಹೊಸಬರಿಗೆ ಉಡುಗೊರೆ ಎಂದುಕೊಂಡು ಕುಂಕುಮ ಹಚ್ಚಿ ದೇವರ ಮುಂದಿಟ್ಟೆ. ಅಂದಿನಿಂದ ನನ್ನನ್ನು ಕಂಡರೆ ಮುಖ ಗಂಟಿಕ್ಕಿ, ಮೆಟ್ಟಿಲು ತೋರಿಸಿ ಗೊಣಗುತ್ತಿದ್ದಳು. ‘ಜರ್ಮನರು ಕೊಟ್ಟ ಮೇಲೆ ಬೈಯುವ ಜನ’ ಎಂದು ಬರೆದೆ. ಆ ವಾಕ್ಯ ನನಗೆ ಬಹಳ ಹಿಡಿಸಿತ್ತು.

ಲೇಖನವನ್ನು ಅಂಚೆಗೆ ಹಾಕುವ ದಿನ ಆತ್ಮಕಥೆಯ ಕೊನೆಯ ಅಧ್ಯಾಯ ಓದಿದೆ. ಮುಪ್ಪಿನಲ್ಲಿ ಆ ಫ್ರೆಂಚ್ ಹೆಂಗಸು ತಪ್ಪೊಪ್ಪಿಕೊಂಡಿದ್ದಳು. ರಂಗೋಲಿ ಹಾಕುತ್ತಿದ್ದವಳು ಬಾ ಎಂದು ಕೈಸನ್ನೆ ಮಾಡಿದ್ದಳಂತೆ. ಇವಳು ಪಲ್ಲಕ್ಕಿಯಿಂದ ಇಳಿಯಲಿಲ್ಲ, ಕೇಳಲಿಲ್ಲ, ತೋಚಿದ್ದು ಬರೆದಳು. ಓದುತ್ತಿದ್ದಂತೆ ನನ್ನ ಕೈಯಲ್ಲಿದ್ದ ಲಕೋಟೆ ಭಾರವೆನಿಸಿತು.

ಹಲಗೆ ಹಿಡಿದುಕೊಂಡು ಎದುರುಮನೆಯ ಬೆಲ್ ಒತ್ತಿದೆ.

"ಇದೇನ್ರೀ ಅಜ್ಜಿ?" ಎಂದು ಕನ್ನಡದಲ್ಲೇ ಕೇಳಿದೆ.

"ಕೆರ್‌ವೋಖೆ!" ಎಂದ ಅಜ್ಜಿ ಪೊರಕೆ, ಬಕೆಟ್ಟು ತಂದರು. ಒಂದು ಮೆಟ್ಟಿಲು ಗುಡಿಸಿ ಒರೆಸಿದರು. ಹಲಗೆಯನ್ನು ನನ್ನ ಬಾಗಿಲಿಗೆ ಹಿಡಿದು ನನ್ನತ್ತ ಬೆರಳು ಮಾಡಿದರು, ತಮ್ಮ ಬಾಗಿಲಿಗೆ ಹಿಡಿದು ತಮ್ಮತ್ತ. ಆಗ ತಿಳಿಯಿತು, ಕೆರ್‌ವೋಖೆ ಎಂದರೆ ಗುಡಿಸುವ ವಾರದ ಸರದಿ; ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಅವರ ಪಾಲು. ಅದು ನಮ್ಮ ದೇವರ ಮುಂದೆ ಕೂತಿದ್ದ ಮೂರು ತಿಂಗಳೂ ನಮ್ಮ ಪಾಲನ್ನೂ ಅವರೇ ಒರೆಸಿದ್ದರು. ನನಗೆ ನಾಚಿಕೆಯಾಯಿತು.

ಲೇಖನ ಹರಿದುಹಾಕಿ, ಸೆರಗು ಸಿಕ್ಕಿಸಿ, ನೆಲಮಹಡಿಯವರೆಗೂ ಒರೆಸಿದೆ. ಧಾರವಾಡದ ಹೆಂಗಸಿಗೆ ನೆಲ ಒರೆಸುವುದನ್ನು ಯಾರೂ ಕಲಿಸಬೇಕಿಲ್ಲ! ಮುಗಿಸಿ, ಹಲಗೆಯನ್ನು ಅಜ್ಜಿಯ ಬಾಗಿಲಿಗೆ ಹಾಕುವ ಮುನ್ನ ಕುಂಕುಮ ಒರೆಸಲು ಹೋದೆ. ಅವರು ನನ್ನ ಕೈ ಹಿಡಿದು ತಡೆದರು. ಆ ಕೆಂಪು ಬೊಟ್ಟಿನ ಮೇಲೆ ಬೆರಳಿಟ್ಟು, ಇದೇನು ಎಂದು ಹುಬ್ಬೇರಿಸಿ ಕೇಳಿದರು.