ಬಲಗಾಲಿನ ಉಂಗುರ

ಮೂವತ್ತೆಂಟನೆಯ ವಯಸ್ಸಿಗೇ ನನಗೆ ಸಂಧಿವಾತ ಅಂಟಿಕೊಂಡಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕೊಟ್ಟೂರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಎದ್ದರೆ ಕೈಬೆರಳು ಮಡಚಲು ಬರುತ್ತಿರಲಿಲ್ಲ, ಕಾಲುಬೆರಳು ನೆಲಕ್ಕೆ ತಾಕಿದರೆ ಜೀವ ಹೋದಂತಾಗುತ್ತಿತ್ತು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವ ನನ್ನನ್ನು ನೋಡಿ, ಅರವತ್ತು ದಾಟಿದ ಅತ್ತೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ನಮ್ಮಿಬ್ಬರಲ್ಲಿ ಯಾರು ಅತ್ತೆ, ಯಾರು ಸೊಸೆ ಎಂದು ಹೊಸಬರಿಗೆ ಅನುಮಾನ ಬರುವಂತಿತ್ತು.

ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಉಗುರು ನೋಡುವ ಕೆಲಸ ನನ್ನದು. ಉಗುರು ಬೆಳೆಸಿದವರಿಗೆ ಅಡಿಕೋಲಿನಿಂದ ಒಂದೇಟು, ಜೊತೆಗೆ ಸ್ವಚ್ಛತೆಯ ಮೇಲೆ ಒಂದು ಭಾಷಣ. ಆ ಭಾಷಣ ನಡೆಯುವಾಗ ನನ್ನ ಸೀರೆಯ ಅಂಚಿನ ಕೆಳಗೆ ನನ್ನವೇ ಕಾಲುಗುರುಗಳು ಎರಡು ತಿಂಗಳಿಂದ ಕತ್ತರಿಯ ಮುಖ ಕಂಡಿರಲಿಲ್ಲ. ನನಗೆ ಬಗ್ಗಲು ಆಗುತ್ತಿರಲಿಲ್ಲ, ಹೇಗೋ ಬಗ್ಗಿದರೂ ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ಒಮ್ಮೆ ನಮ್ಮ ಮನೆಯವರು, "ತಾ ಇಲ್ಲಿ, ನಾನು ತೆಗಿತೀನಿ" ಎಂದು ದಾಡಿಯ ಬ್ಲೇಡು ಹಿಡಿದು ಎದುರಿಗೆ ಕೂತರು. ಗಂಡನ ಕೈಗೆ ಕಾಲು ಕೊಡುವುದು ಎಂದರೇನು! "ನನ್ನ ನರಕಕ್ಕ ಕಳಿಸಬೇಕಂತ ಮಾಡೀರೇನ್ರಿ?" ಎಂದು ಗಬಕ್ಕನೆ ಕಾಲು ಎಳೆದುಕೊಂಡೆ. ಎಳೆದ ರಭಸಕ್ಕೆ ಹೆಬ್ಬೆರಳು ಗೋಡೆಗೆ ಬಡಿದು, ನರಕ ಕೂತಲ್ಲಿಯೇ ಕಂಡಿತು.

ಕೊನೆಗೆ ಒಂದು ದಿನ ರಜೆ ಹಾಕಿ ಒಬ್ಬಳೇ ಹರಪನಹಳ್ಳಿಯ ಡಾಕ್ಟರ ಹತ್ತಿರ ಹೋದೆ. ಅವರು ಗುಳಿಗೆ ಬರೆದುಕೊಟ್ಟು, ಸಣ್ಣ ಹುಡುಗಿಗೆ ಹೇಳುವಂತೆ ನಿಧಾನವಾಗಿ ಪಾಠ ಮಾಡಿದರು. ದಿನಾ ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಡಬೇಕು, ಬೆರಳ ಸಂದಿಯನ್ನು ಒದ್ದೆ ಬಿಡಬಾರದು, ಉಗುರನ್ನು ಮೂಲೆ ಕೊರೆಯದೆ ನೇರವಾಗಿ ಕತ್ತರಿಸಬೇಕು, ಮುಂದೆ ಅಗಲವಾಗಿರುವ ಮೆತ್ತನೆಯ ಚಪ್ಪಲಿ ಹಾಕಬೇಕು. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿಕೊಳ್ಳಬೇಕು. ನಾನು ಜಾಣ ವಿದ್ಯಾರ್ಥಿನಿಯ ಹಾಗೆ ಎಲ್ಲಕ್ಕೂ ತಲೆಯಾಡಿಸಿದೆ. ಆಮೇಲೆ ಅವರು ಪೆನ್ನಿನ ತುದಿಯಿಂದ ನನ್ನ ಬಲಗಾಲಿನ ಎರಡನೇ ಬೆರಳನ್ನು ತೋರಿಸಿದರು. ಬೆರಳು ಎರಡೂ ಕಡೆ ಉಬ್ಬಿ, ಬೆಳ್ಳಿಯ ಕಾಲುಂಗುರ ಮಾಂಸದೊಳಗೆ ಹೂತು ಹೋಗಿತ್ತು.

"ಇದನ್ನ ಇವತ್ತ ಕತ್ತರಿಸಿ ತೆಗಿಬೇಕ್ರಿ ಟೀಚರ. ರಕ್ತ ಓಡಾಡಾಕ ದಾರಿ ಇಲ್ಲ. ಹಿಂಗ ಬಿಟ್ರ ಬೆರಳ ಕೈ ಬಿಟ್ಟು ಹೋಗ್ತೈತಿ."

"ಬಸ್ಸಿಗೆ ಹೊತ್ತಾತ್ರಿ, ಮುಂದಿನ ವಾರ ಬರ್ತೀನಿ" ಎಂದು ಎದ್ದು ಬಂದೆ. ಬಸ್ಸಿಗೆ ಇನ್ನೂ ಒಂದೂವರೆ ತಾಸು ಇತ್ತು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಮಂಡಕ್ಕಿ ತಿಂದೆ.

ಕಾಲುಂಗುರ ಕಳಚುವುದು ಗಂಡ ತೀರಿಕೊಂಡ ದಿನ. ಅದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲದ ಪಾಠ. ನಮ್ಮ ಮನೆಯವರೋ ದಿನಾ ಕೂಡ್ಲಿಗಿಯ ಕಚೇರಿಗೆ ಬಸ್ಸಿನಲ್ಲಿ ಹೋಗಿ ಬರುವವರು. ಅತ್ತೆ ಉಚ್ಚಂಗೆಮ್ಮ ದೇವಿಯ ಒಕ್ಕಲು, ಇರುವವನೊಬ್ಬನೇ ಮಗ, ಅವರು ಇದಕ್ಕೆ ಖಂಡಿತ ಒಪ್ಪುವುದಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅವರನ್ನು ಕೇಳಿದ್ದೆನೇ? ಇಲ್ಲ. ಹೆದರಿದ್ದವಳು ನಾನು, ಹೆಸರು ಮಾತ್ರ ಅವರದು. ಅದಕ್ಕೆ ಒಂದು ವಾರ ಮುಂಚೆಯಷ್ಟೇ ನಾಲ್ಕನೇ ತರಗತಿಗೆ ಮೂಢನಂಬಿಕೆಯ ಪಾಠ ಮಾಡಿ, ಬೆಕ್ಕು ಅಡ್ಡ ಬಂದರೆ ಏನೂ ಆಗುವುದಿಲ್ಲ ಎಂದು ಮಕ್ಕಳಿಂದ ಮೂರು ಸಲ ಕೂಗಿಸಿದ್ದೆ. ಅದೇ ಟೀಚರಿಗೆ ಈಗ ಉಂಗುರ ಕತ್ತರಿಸಿದ ಗಳಿಗೆಯಲ್ಲೇ ಕೂಡ್ಲಿಗಿ ಬಸ್ಸು ಪಲ್ಟಿ ಹೊಡೆಯುವುದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು.

ನಮ್ಮ ಮನೆಯವರು ಯಾಕೆ ಕುಂಟುತ್ತೀ ಎಂದು ಕೇಳಿದರೆ, "ಚಪ್ಪಲಿ ಕಚ್ಚೈತ್ರಿ" ಎಂದುಬಿಟ್ಟೆ. ಆ ಪುಣ್ಯಾತ್ಮರು ನಂಬಿದರು. ಮುಂದಿನ ಸಂತೆಗೆ ಒಂದು ಅಳತೆ ದೊಡ್ಡ ಚಪ್ಪಲಿ ತಂದರು. ಕುಂಟುವುದು ನಿಲ್ಲಲಿಲ್ಲವೆಂದು ಅದರ ಮುಂದಿನ ಸಂತೆಗೆ ಇನ್ನೂ ದೊಡ್ಡದು. ನಾಲ್ಕನೆಯ ಜೊತೆ ಬರುವ ಹೊತ್ತಿಗೆ ಚಪ್ಪಲಿ ಮುಂದೆ, ನಾನು ಹಿಂದೆ ಎನ್ನುವಂತಾಗಿತ್ತು. ಬಾಗಿಲ ಮುಂದಿನ ಸಾಲು ನೋಡಿ ಎದುರು ಮನೆಯಾಕೆ, "ಬೀಗರು ಬಂದಾರೇನ್ರಿ ಟೀಚರ?" ಎಂದು ಕೇಳಿದಳು. ಹೌದೆಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿಸುವುದರಲ್ಲಿ ಆ ದಿನಗಳಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು.

ಕದ್ದುಮುಚ್ಚಿ ನನ್ನ ಮನೆವೈದ್ಯ ನಡೆದೇ ಇತ್ತು. ಔಡಲೆಣ್ಣೆ ಹಚ್ಚಿ ತಿರುಗಿಸಿದೆ, ಸಾಬೂನು ಸವರಿ ಎಳೆದೆ, ತಣ್ಣೀರಿನಲ್ಲಿ ಅದ್ದಿ ಕೂತೆ. ಉಂಗುರ ಜಗ್ಗಲಿಲ್ಲ. ಬೆರಳು ಕೆಂಪು ಬಿಟ್ಟು ನೀಲಿಗೆ ತಿರುಗಿತು. ಬೆರಳಿನ ಮೇಲೆ ಸೆರಗಿನ ಚೂರು ಸುತ್ತಿ ಶಾಲೆಗೆ ಹೋಗುತ್ತಿದ್ದೆ.

ಒಂದು ಭಾನುವಾರ ನಮ್ಮ ಮನೆಯವರು ಮದುವೆಗೆಂದು ಹಡಗಲಿಗೆ ಹೋಗಿದ್ದರು. ಮಧ್ಯಾಹ್ನ ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾದವಳಿಗೆ ಜೊಂಪು ಹತ್ತಿತ್ತು. ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟ ಸದ್ದಿಗೆ ಎಚ್ಚರವಾಯಿತು. ಸುತ್ತಿದ್ದ ಬಟ್ಟೆ ಜಾರಿತ್ತು.

"ಇದೇನ್ ಲೇ, ಬೆರಳು ನೇರಳೆಹಣ್ಣು ಆಗೈತಿ! ಡಾಕ್ಟ್ರಿಗೆ ತೋರ್ಸೀ ಇಲ್ಲೋ?"

"ತೋರ್ಸೀನ್ರಿ ಅತ್ತಿ."

"ಏನಂದ್ರು?"

ಹೇಳಿದೆ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಕಣ್ಣು ಮುಚ್ಚಿದೆ. ಬೈಗುಳ ಬರಲಿಲ್ಲ. ಕಣ್ಣು ಬಿಟ್ಟಾಗ ಅತ್ತೆ ಸೆರಗು ಹೊದ್ದು ಬೀದಿಗೆ ಇಳಿದಿದ್ದರು.

ಅರ್ಧ ತಾಸಿನ ಮೇಲೆ ಅವರ ಹಿಂದೆ ಸೈಕಲ್ ಷಾಪಿನ ಸಾಹೇಬರು ಬಂದರು. ಗಡ್ಡ ನೆರೆತ ಮನುಷ್ಯ; ಕೈಯಲ್ಲಿ ಗರಗಸದ ಬ್ಲೇಡಿನ ತುಂಡು ಮತ್ತು ತೆಳ್ಳನೆಯ ತಗಡಿನ ಪಟ್ಟಿ. "ಬೆಳ್ಳಿ ಕೆಲಸದ ಪತ್ತಾರ ಒಲ್ಲೆ ಅಂದ. ಮುತ್ತೈದಿ ಕಾಲುಂಗುರ ಕತ್ತರಿಸಿದ ಪಾಪ ನನಗ ಬ್ಯಾಡ ಅಂದ" ಎಂದರು ಅತ್ತೆ, ಅಂಗಡಿಯಲ್ಲಿ ಬೆಲ್ಲ ಇಲ್ಲ ಎಂದ ಹಾಗೆ. ನನ್ನ ಎದುರು ನೆಲದ ಮೇಲೆ ಕೂತು, ನಾನು ಬೇಡ ಬೇಡ ಎನ್ನುವುದರೊಳಗೆ ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡರು.

"ಗಟ್ಟಿ ಹಿಡ್ಕೋರಿ ಅಮ್ಮಾರ, ಅಳ್ಳಾಡಿದ್ರ ಚರ್ಮಕ್ಕ ತಾಕ್ತೈತಿ" ಎಂದರು ಸಾಹೇಬರು. ತಗಡನ್ನು ಉಂಗುರದ ಅಡಿಗೆ ತೂರಿಸಿದರು.

ಆಗ ನಾನು ಅತ್ತುಬಿಟ್ಟೆ. ನೋವಿಗಲ್ಲ. "ಬ್ಯಾಡ್ರಿ, ಅವರಿನ್ನೂ ಬಸ್ಸಿನ್ಯಾಗ ಇರ್ತಾರ್ರಿ. ಮನಿಗೆ ಬರ್ಲಿ, ಅವರನ್ನ ಕಣ್ಣಿಲೆ ನೋಡಿದ ಮ್ಯಾಲ ಕತ್ತರಿಸ್ರಿ" ಎಂದು ಗೋಗರೆದೆ. ಮೂಢನಂಬಿಕೆಯ ಪಾಠ ಮಾಡುವ ಟೀಚರು, ಓಣಿಯ ಮಂದಿಗೆಲ್ಲ ಕೇಳುವ ಹಾಗೆ. ಸಾಹೇಬರು ಮುಜುಗರದಿಂದ ಬ್ಲೇಡು ತಡೆದು ಅತ್ತೆಯ ಮುಖ ನೋಡಿದರು.

ಅತ್ತೆ ನನ್ನ ಕಾಲು ಬಿಡಲಿಲ್ಲ.

"ನಂದು ಇಪ್ಪತ್ತಾರು ವರ್ಷ ಬೆರಳಾಗ ಇತ್ತು" ಎಂದರು. "ಒಂದು ದಿನಾನೂ ತೆಗೀಲಿಲ್ಲ. ನಿಮ್ಮ ಮಾವ ಉಳಿದ್ರೇನು?"

ನಾನು ಸಾಹೇಬರಿಗೆ ಆಗಲಿ ಎಂದು ತಲೆಯಾಡಿಸಿದೆ. ಬ್ಲೇಡು ಕಿರುಗುಟ್ಟತೊಡಗಿತು. ನನ್ನ ಬೆರಳನ್ನು ನೋಡುವ ಧೈರ್ಯವಿಲ್ಲದೆ ಕಣ್ಣು ಬೇರೆ ಕಡೆ ಹೊರಳಿಸಿದೆ. ಅಲ್ಲಿ ಅತ್ತೆ ಮಡಚಿಟ್ಟುಕೊಂಡ ಪಾದ ಸೀರೆಯ ಹೊರಗೆ ಕಾಣುತ್ತಿತ್ತು. ಅದರ ಎರಡನೇ ಬೆರಳಿನ ಬುಡದಲ್ಲಿ ಸುತ್ತಲೂ ಒಂದು ತಗ್ಗು ಇತ್ತು, ಉಂಗುರದಷ್ಟೇ ಅಗಲ. ಹದಿನೈದು ವರ್ಷ ಒಂದೇ ಮನೆಯಲ್ಲಿದ್ದು ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ.