ಹಡಗು ಕಳೆದುಕೊಂಡವರ ಊರಿನಲ್ಲಿ

ದೆವ್ವದ ಕಥೆ ಹೇಳುವವರನ್ನು ಕಂಡರೆ ನಾನು ಸುಮ್ಮನೆ ಬಿಟ್ಟವನಲ್ಲ. ಯಾರಾದರೂ "ನಮ್ಮಜ್ಜಿ ಒಂದ್ಸಲ ನೋಡಿದ್ರಂತೆ" ಎಂದು ಶುರುಮಾಡಿದರೆ ಸಾಕು, "ಅಜ್ಜಿ ಕನ್ನಡಕದ ಪವರ್ ಎಷ್ಟಿತ್ತು?" ಎಂದು ಕೇಳಿ ಕಥೆಯ ಕತ್ತು ಹಿಸುಕುತ್ತಿದ್ದೆ. ಈಗ ನಾನೇ ಇಂಥದ್ದೊಂದನ್ನು ಹೇಳಲು ಹೊರಟಿದ್ದೇನೆ. ನೀವು ನಕ್ಕರೆ ಬೇಜಾರಿಲ್ಲ. ನನ್ನ ಪರಿಚಯದವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ.

ಕೊರೊನಾ ಸ್ವಲ್ಪ ತಣ್ಣಗಾಗಿದ್ದ ಕಾಲ. ನಾನು ಅಮೆರಿಕದ ಹರ್ನ್‌ಡನ್‌ನಲ್ಲಿದ್ದೆ, ಕಾಲೇಜಿನ ಗೆಳೆಯ ಗಿರೀಶ ಹೆಂಡತಿ ಸೌಮ್ಯಳೊಂದಿಗೆ ಫೋರ್ಟ್ ಮಿಲ್‌ನಲ್ಲಿದ್ದ. ಅವನ ತಂದೆ ಶ್ರೀಕಂಠಯ್ಯನವರು ಮಗನನ್ನು ನೋಡಲು ಬಂದವರು, ವಿಮಾನಗಳು ನಿಂತು ಇಲ್ಲೇ ಉಳಿದುಬಿಟ್ಟಿದ್ದರು. ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಆಗಿದ್ದವರು. ಈಗ ಮರೆವಿನ ಕಾಯಿಲೆ. ಸಂಜೆಯಾದರೆ "ಡ್ಯೂಟಿಗೆ ಹೊತ್ತಾಯ್ತು" ಎಂದು ಎದ್ದು ಹೊರಟುಬಿಡುತ್ತಿದ್ದರು. ಒಂದು ದಿನ ಯಾರೂ ನೋಡದಿರುವಾಗ ಹೋಗಿಬಿಟ್ಟರೆ ಎಂಬುದು ಗಿರೀಶನ ನಿತ್ಯದ ಭಯ.

ಹವಾ ಬದಲಾಗಲಿ ಎಂದು ನಾಲ್ವರೂ ನಾರ್ತ್ ಕ್ಯಾರೊಲೈನಾದ ಬೆಟ್ಟಗಳ ನಡುವಿನ ಹಾಟ್ ಸ್ಪ್ರಿಂಗ್ಸ್ ಎಂಬ ಪುಟ್ಟ ಊರಿಗೆ ಹೊರಟೆವು. ಡ್ರೈವಿಂಗ್ ನನ್ನದು. ಜಿಪಿಎಸ್ ನಂಬಿ ಎಲ್ಲರನ್ನೂ ಮೊದಲು ಯಾರದೋ ಕೋಳಿ ಫಾರ್ಮಿಗೆ ನುಗ್ಗಿಸಿದೆ. ಅಲ್ಲಿನ ಕೆಸರಿನಿಂದ ಕಾರು ತಳ್ಳಿ ಹೊರತೆಗೆಯುವಷ್ಟರಲ್ಲಿ ನಮ್ಮ ಶೂಗಳ ಬಣ್ಣ ಯಾವುದೆಂದು ನಮಗೇ ಮರೆತಿತ್ತು. ಕ್ಯಾಬಿನ್ ತಲುಪಿದ ಕೂಡಲೇ, ನಮ್ಮವರೆಲ್ಲ ಮಾಡುವಂತೆ, ಶೂಗಳನ್ನು ಬಾಗಿಲ ಹೊರಗೆ ರಾಶಿ ಹಾಕಿ ಒಳಗೆ ಹೋದೆವು.

ಬೀಗದ ಕೈ ಕೊಡಲು ಬಂದ ಒಡತಿ ಪಕ್ಕದ ಮನೆಯ ಮುದುಕಿ. ಆ ಊರಿನ ಚರಿತ್ರೆಯನ್ನೂ ಪುಕ್ಕಟೆ ಕೊಟ್ಟರು. ಮೊದಲ ಮಹಾಯುದ್ಧ ಶುರುವಾದಾಗ ಫಾಟರ್‌ಲಾಂಡ್ ಎಂಬ ಭಾರಿ ಜರ್ಮನ್ ಪ್ರಯಾಣಿಕರ ಹಡಗು ನ್ಯೂಯಾರ್ಕ್ ಬಂದರಿನಲ್ಲಿ ಸಿಕ್ಕಿಕೊಂಡಿತ್ತಂತೆ. ಅಮೆರಿಕವೂ ಯುದ್ಧಕ್ಕಿಳಿದ ಮೇಲೆ ಸರ್ಕಾರ ಅದನ್ನು ವಶಪಡಿಸಿಕೊಂಡು, ಲೆವಯಾಥನ್ ಎಂದು ಹೆಸರು ಬದಲಿಸಿ, ಜರ್ಮನಿಯ ವಿರುದ್ಧ ಹೋರಾಡುವ ಸೈನಿಕರನ್ನೇ ಅದರಲ್ಲಿ ತುಂಬಿ ಕಳಿಸಿತು. ಹಡಗಿನ ಸಿಬ್ಬಂದಿಯನ್ನು ತಂದು ಕೂಡಿಹಾಕಿದ್ದು ಇಲ್ಲಿ, ನದಿ ದಂಡೆಯ ಹೋಟೆಲಿನ ಆವರಣದಲ್ಲಿ. ಅವರು ನದಿಯಲ್ಲಿ ತೇಲಿಬಂದ ಕಟ್ಟಿಗೆ, ತಗಡಿನ ಡಬ್ಬಿಗಳಿಂದ ಪುಟ್ಟ ಮನೆಗಳ ಹಳ್ಳಿಯನ್ನೇ ಕಟ್ಟಿಕೊಂಡಿದ್ದರಂತೆ. ಜ್ವರ ಹರಡಿ ಕೆಲವರು ಸತ್ತರಂತೆ.

"ಅಂದ್ರೆ ಕ್ಲೈಂಟ್ ಪ್ರಾಜೆಕ್ಟ್ ಕಿತ್ಕೊಂಡು, ಹೆಸ್ರು ಚೇಂಜ್ ಮಾಡಿ, ಹಳೇ ಟೀಮನ್ನ ಬೆಂಚಿಗೆ ಕಳಿಸ್ದ ಅಂತಾಯ್ತು" ಎಂದೆ, ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ. ಗಿರೀಶ ನಕ್ಕ. ಶ್ರೀಕಂಠಯ್ಯ ಅಂಕಲ್ ನಗಲಿಲ್ಲ. "ಮತ್ತೆ ಅವರು ಊರಿಗೆ ಹೋಗಿದ್ದು ಹೆಂಗೆ?" ಎಂದು ಕೇಳಿದರು.

ಬೆಳಗ್ಗೆ ಬಾಗಿಲು ತೆರೆದರೆ ನಾಲ್ಕೂ ಜೊತೆ ಶೂಗಳು ಸಾಲಾಗಿ ನಿಂತಿದ್ದವು. ಕೆಸರಿನ ಗುರುತಿಲ್ಲ. ಗಿರೀಶನ ಲೆದರ್ ಶೂಗಳಲ್ಲಿ ಮುಖ ಕಾಣುತ್ತಿತ್ತು.

"ಲೋ, ರಾತ್ರಿಯೆಲ್ಲಾ ಕೂತ್ಕೊಂಡು ಇದೇ ಮಾಡ್ದ್ಯಾ? ಪಾಲಿಷ್ ಎಲ್ಲಿಂದ ತಂದ್ಯೋ?" ಎಂದ ಗಿರೀಶ.

"ನನ್ ಶೂನೇ ನಾನು ತೊಳ್ಯಲ್ಲ ಕಣೋ. ನಿಂದು ಪಾಲಿಷ್ ಮಾಡ್ತೀನಾ?"

"ಪ್ರಾಂಕ್ ಆದ್ರೂ ಯೂಸ್‌ಫುಲ್ ಆಗಿದೆ ಬಿಡಿ" ಎಂದಳು ಸೌಮ್ಯ. "ನಾಳೆ ಪಾತ್ರೆನೂ ತೊಳ್ದಿಡಿ."

ಅಂಕಲ್ ಮಾತ್ರ ಸಮಾಧಾನದಿಂದ, "ಇಲ್ಲಿ ಸ್ಟಾಫ್ ಚೆನ್ನಾಗಿದೆ ಕಣಯ್ಯಾ" ಎಂದರು.

ಒಡತಿಯೇ ಮಾಡಿರಬೇಕೆಂದು ಥ್ಯಾಂಕ್ಸ್ ಹೇಳಲು ಹೋದೆ. ಅವರು ತಮಾಷೆ ಎಂದುಕೊಂಡರು. "ಆ ಕಾಲದ ಹಡಗುಗಳಲ್ಲಿ ಪ್ರಯಾಣಿಕರು ಮಲಗೋ ಮುಂಚೆ ಶೂ ಬಾಗಿಲ ಹೊರಗೆ ಬಿಡ್ತಿದ್ರು, ಬಿಳೀ ಕೋಟು ತೊಟ್ಟ ಹಡಗಿನ ಆಳುಗಳು ಬೆಳಗಾಗೋದ್ರೊಳಗೆ ಪಾಲಿಷ್ ಮಾಡಿ ಇಡ್ತಿದ್ರು. ನಿಮ್ಮನ್ನ ಪ್ಯಾಸೆಂಜರ್ ಅಂದ್ಕೊಂಡಿರ್ಬೇಕು" ಎಂದು ನಕ್ಕರು. ನಾನೂ ನಕ್ಕೆ. ಆದರೆ ಆ ದಿನವಿಡೀ ಬಾಗಿಲ ಕಡೆ ನೋಡುವುದೇ ಕೆಲಸವಾಯಿತು.

ಸಂಜೆ ಮಂಜು ಇಳಿಯಿತು. ಬಜ್ಜಿ ಕರಿಯುವ ಜವಾಬ್ದಾರಿ ನಾನೇ ವಹಿಸಿಕೊಂಡೆ. ಎಣ್ಣೆ ಹೊಗೆಯಾಡಿ ಚಾವಣಿಯ ಹೊಗೆ ಅಲಾರಮ್ ಹೊಡೆದುಕೊಳ್ಳತೊಡಗಿತು. ಗಿರೀಶ ಕುರ್ಚಿ ಹತ್ತಿ ಟವೆಲ್ ಬೀಸಿದ, ಸೌಮ್ಯ ಕಿಟಕಿ ತೆರೆದಳು, ನಾನು ಜಾಲರಿ ಹಿಡಿದು ಕುಣಿದೆ. ಅಲಾರಮ್ ನಿಂತಾಗ ಅಂಕಲ್ ಇರಲಿಲ್ಲ.

ಅವರ ಶೂಗಳು ಮಾತ್ರ ವರಾಂಡದಲ್ಲೇ ಇದ್ದವು. ಸೌಮ್ಯ ಅವನ್ನು ಎತ್ತಿ ಎದೆಗೊತ್ತಿಕೊಂಡು, "ಬರಿಗಾಲಲ್ಲಿ ಹೋಗಿದಾರೆ ಕಣ್ರೀ" ಎಂದು ಅತ್ತಳು. ಮತ್ತೆ ಅಲ್ಲೇ ಇಟ್ಟು ಪೊಲೀಸರಿಗೆ ಫೋನ್ ಮಾಡಲು ಒಳಗೆ ಓಡಿದಳು. ಗಿರೀಶ ರಸ್ತೆಯ ಕಡೆ ಓಡಿದ. ನಾನು ನದಿಯ ಕಡೆ. ಒಂದು ಕೈಯಲ್ಲಿ ಫೋನಿನ ಟಾರ್ಚ್, ಇನ್ನೊಂದು ಕೈಯಲ್ಲಿ ಇಳಿಸಲು ಮರೆತ ಬಜ್ಜಿ ಜಾಲರಿ. ಹಿಂದಿನ ದಿನದ ಮಳೆಗೆ ನದಿ ತುಂಬಿತ್ತು. ಮಂಜಿನಲ್ಲಿ ನೀರು ಕಾಣದು, ಸದ್ದು ಮಾತ್ರ. "ಅಂಕಲ್, ಅಂಕಲ್" ಎಂದು ಕೂಗುತ್ತ ಎರಡು ಸಲ ಜಾರಿಬಿದ್ದೆ. ಗಿರೀಶನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ದಂಡೆಯ ಹುಲ್ಲುಗಾವಲಿನ ಬೆಂಚಿನ ಮೇಲೆ ಅವರು ನೆಟ್ಟಗೆ ಕೂತಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಕಾಲಲ್ಲಿ ಶೂ. ವರಾಂಡದಲ್ಲಿ ಬಿಟ್ಟುಬಂದಿದ್ದ ಅದೇ ಶೂ. ಲೇಸುಗಳನ್ನು ಅಚ್ಚುಕಟ್ಟಾಗಿ ಎರಡು ಸುತ್ತು ಹಾಕಿ, ನಾನೆಂದೂ ಕಂಡಿರದ ಗಂಟಿನಲ್ಲಿ ಕಟ್ಟಲಾಗಿತ್ತು. ಹುಲ್ಲೆಲ್ಲ ನೀರಾಡುತ್ತಿದ್ದರೂ ಶೂಗಳ ಮೇಲೆ ಒಂದು ಹನಿಯಿರಲಿಲ್ಲ.

"ಅಂಕಲ್, ಶೂ ಯಾರು ಹಾಕಿದ್ರು?"

"ಬಿಳೀ ಕೋಟಿನೋರು. ನೀರಿಗೆ ಇಳಿದ್‌ಬಿಟ್ಟಿದ್ದೆ, ಕೈ ಹಿಡ್ದು ಎಳ್ಕೊಂಡ್ರು. ಪಾಪ, ಅವರ ಗಾಡಿನೂ ಅವರನ್ನ ಬಿಟ್ಟು ಹೋಗಿದೆ."

"ಹಾಗಂತ ಅವ್ರು ಹೇಳಿದ್ರಾ?"

"ಅವರ ಭಾಷೆ ನಂಗೆಲ್ಲಿ ಬರತ್ತೆ? ಜೀವಮಾನವೆಲ್ಲಾ ಸ್ಟ್ಯಾಂಡಲ್ಲಿ ಕೂತೋನು ನಾನು. ಗಾಡಿ ತಪ್ಪಿದೋರ ಮುಖ ಗೊತ್ತಾಗಲ್ವೇನಯ್ಯಾ?"

ಟಾರ್ಚನ್ನು ಸುತ್ತಲೂ ತಿರುಗಿಸಿದೆ. ಮಂಜು ಬಿಟ್ಟರೆ ಏನಿಲ್ಲ. ಅವರ ತೋಳು ಹಿಡಿದು ಕ್ಯಾಬಿನ್‌ಗೆ ಕರೆತಂದೆ. ಯಾರು ಯಾರನ್ನು ಹಿಡಿದುಕೊಂಡಿದ್ದರೋ ಹೇಳಲಾರೆ.

ಗಿರೀಶ ಅಪ್ಪನನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ, "ಶೂ ತಗೊಂಡ್ ಹೋಗಿದ್ದು ಒಳ್ಳೇದಾಯ್ತು ಮಾರಾಯ" ಎಂದ. ನಾನಲ್ಲ ಎಂದೆ. ಸೌಮ್ಯ ಅಳುತ್ತಲೇ ನಕ್ಕಳು: "ಇವತ್ತಾದ್ರೂ ಜೋಕ್ ಬಿಡಿ." ಆಣೆ ಮಾಡಿದೆ. ಇನ್ನೂ ನಕ್ಕರು. ಎರಡೂ ಕೈ ತುಂಬಿತ್ತೆಂದು ಜಾಲರಿ ತೋರಿಸಿದೆ. ಬಿದ್ದು ಬಿದ್ದು ನಕ್ಕರು.

ಕೆಲವು ತಿಂಗಳ ನಂತರ ಗಿರೀಶನ ಫೋನ್ ಬಂತು. ಅಂಕಲ್ ಆಗ ಸುಖವಾಗಿ ಮೈಸೂರು ಸೇರಿ, ಮಗಳ ಮನೆಯಲ್ಲಿದ್ದರು. ಇವನಿಗೇ ನಿದ್ದೆ ಬರುತ್ತಿರಲಿಲ್ಲವಂತೆ. "ನಿಜ ಹೇಳೋ. ಅಪ್ಪ ನೀರಿಗಿಳಿದಾಗ ಹತ್ರ ಯಾರೂ ಇರ್ಲಿಲ್ಲ ಅಂದ್ಕೊಂಡ್ರೆ ಮೈ ನಡುಗತ್ತೆ. ನೀನೇ ಎಳ್ಕೊಂಡಿದ್ದಲ್ವಾ? ಶೂ ಹಾಕ್ದೋನೂ ನೀನೇ ಅಲ್ವಾ?"

ಅವನ ದನಿಯಲ್ಲಿದ್ದ ದೈನ್ಯ ಕೇಳಲಾಗದೆ "ಹೂಂ ಕಣೋ, ನಾನೇ" ಎಂದೆ.

ಅವನು ಉದ್ದಕ್ಕೆ ಉಸಿರು ಬಿಟ್ಟ. ಆಮೇಲೆ, "ಅದ್ಸರಿ, ಆ ಗಂಟು ಹೆಂಗ್ ಹಾಕ್ದೆ? ಮನೆಗೆ ಬಂದ್ಮೇಲೂ ಅಪ್ಪ ಅದನ್ನ ಬಿಚ್ಚೋಕೆ ಬಿಡ್ಲಿಲ್ಲ. ನಂಗೂ ಹೇಳ್ಕೊಡೋ" ಎಂದ.

ಎಂಥ ಪ್ರಶ್ನೆಗೂ ಥಟ್ಟನೆ ಉತ್ತರ ಕೊಡುವವನು ನಾನು. ಅವತ್ತು "ಮುಂದಿನ್ಸಲ ಸಿಕ್ಕಾಗ ತೋರಿಸ್ತೀನಿ" ಎಂದು ಫೋನಿಟ್ಟೆ. ಇವತ್ತಿಗೂ ಅವನಿಗೆ ಹೇಳಿಕೊಟ್ಟಿಲ್ಲ.