ನೀಲಿ ಬ್ಯಾಟಿನ ಆಯಸ್ಸು

ನನ್ನ ದೊಡ್ಡತ್ತಿಗೆ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಆಟದ ಸಾಮಾನಿನ ಕೋಣೆ ನೋಡಿಕೊಳ್ಳುತ್ತಾರೆ. ಹದಿನೆಂಟು ವರ್ಷದಿಂದ ಅದರ ಬೀಗದ ಕೈ ಅವರ ಸೊಂಟದಲ್ಲಿದೆ. ಹುಡುಗಿಯರು ಅವರನ್ನು ಕರೆಯುವುದೇ ಬೀಗದಕ್ಕ ಎಂದು. ಬೀಗ ಇದ್ದವರು ಒಂಚೂರು ಬೀಗುವುದು ಸಹಜ.

ಸಾಫ್ಟ್‌ಬಾಲ್ ಹೆಸರಿಗಷ್ಟೇ ಸಾಫ್ಟು. ಆ ಚೆಂಡಿನ ಏಟಿಗೆ ಅಲ್ಯೂಮಿನಿಯಂ ಬ್ಯಾಟೂ ಬಿರುಕು ಬಿಡುತ್ತದೆ. ಅತ್ತಿಗೆ ದಿನಾ ಸಂಜೆ ಒಂದೊಂದು ಬ್ಯಾಟನ್ನೂ ಹಿಡಿಕೆಯ ತುದಿಯಲ್ಲಿ ಎರಡೇ ಬೆರಳಿಂದ ತೂಗುಹಾಕಿ, ಗೆಣ್ಣಿನಿಂದ ತಟ್ಟಿ, ಕಿವಿ ಕೊಡುತ್ತಾರೆ. ಣಣ್ ಎಂದರೆ ಆರೋಗ್ಯ, ದಬ್ ಎಂದರೆ ಒಳಗೆ ಬಿರುಕು.

ಅವರ ಬ್ಯಾಟುಗಳು ಒಂದೇ ವರ್ಷಕ್ಕೆ ದಬ್ ಎನ್ನುತ್ತಿದ್ದವು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಎದುರು ರಸ್ತೆಯ ಹೈಸ್ಕೂಲಿನಲ್ಲಿ ಇದೇ ಕೆಲಸ ಮಾಡುವವರು ನನ್ನ ಚಿಕ್ಕತ್ತಿಗೆ, ಅಂದರೆ ಇವರ ಸ್ವಂತ ಓರಗಿತ್ತಿ. ಒಂದೇ ಮನೆ, ಇವರದು ಕೆಳಗಿನ ಮಹಡಿ, ಅವರದು ಮೇಲಿನದು. ಅವರ ಕೆಂಪು ಬ್ಯಾಟಿಗೆ ಆಗಲೇ ನಾಲ್ಕು ವರ್ಷ. ಊಟಕ್ಕೆ ಕೂತಾಗ ಚಿಕ್ಕತ್ತಿಗೆ ಸುಮ್ಮನೆ ಉಪ್ಪು ಕೇಳಿದರೂ ದೊಡ್ಡತ್ತಿಗೆಗೆ ಅದು ಗಾಯಕ್ಕೇ ಬೀಳುತ್ತಿತ್ತು.

"ಅವಳ ಹುಡುಗೀರು ಚೆಂಡಿಗೆ ಹೊಡಿಯಲ್ಲ, ಮುದ್ದು ಮಾಡ್ತಾರೆ. ಬ್ಯಾಟ್ ಯಾಕೆ ಒಡೆಯತ್ತೆ?" ಎಂದು ನನ್ನ ಹತ್ತಿರ ಹೇಳುತ್ತಿದ್ದರು. ಅದೇ ಹುಡುಗಿಯರು ಮೂರು ವರ್ಷದಿಂದ ನಮ್ಮವರನ್ನು ಸೋಲಿಸುತ್ತಿದ್ದುದನ್ನು ನಾನು ನೆನಪಿಸಲಿಲ್ಲ. ನನಗೂ ಆ ಮನೆಯಲ್ಲೇ ಊಟ ಆಗಬೇಕಲ್ಲ.

ಪಂದ್ಯಕ್ಕೆ ಹೋದಾಗಲೆಲ್ಲ ದೊಡ್ಡತ್ತಿಗೆ ನೀರು ಕುಡಿಯುವ ನೆಪದಲ್ಲಿ ಆ ಕಡೆ ಹೋಗಿ ಕೆಂಪು ಬ್ಯಾಟನ್ನು ತಟ್ಟಿ ಬರುತ್ತಿದ್ದರು. ಪ್ರತಿ ಸಲವೂ ಣಣ್. ಅಷ್ಟು ನೀರು ಕುಡಿದರೂ ಹೊಟ್ಟೆಯ ಕಿಚ್ಚು ಆರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ನಾಲ್ಕನೆಯ ಬ್ಯಾಟೂ ಹೋದಾಗ ಹೆಡ್‌ಮಿಸ್ಟ್ರೆಸ್ ಕರೆದು, ಉಳಿದಿರುವ ನೀಲಿ ಬ್ಯಾಟು ದೊಡ್ಡ ಪಂದ್ಯದ ತನಕ ಬಾಳದಿದ್ದರೆ ಬೀಗದ ಕೈಯನ್ನು ಡ್ರಿಲ್ ಟೀಚರಿಗೆ ಕೊಟ್ಟುಬಿಡಿ ಎಂದರು. ಅತ್ತಿಗೆ ಅಂದು ಸೊಂಟವನ್ನು ಹತ್ತು ಸಲ ಮುಟ್ಟಿ ನೋಡಿಕೊಂಡರು.

ಮಾತು ಮೇಲಿನ ಮಹಡಿಗೂ ಮುಟ್ಟಿತು. ಮರುದಿನ ಮೆಟ್ಟಿಲಲ್ಲಿ ಚಿಕ್ಕತ್ತಿಗೆ ತಡೆದು ನಿಂತರು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ನೀವು ಬ್ಯಾಟಿಗೆ ಸ್ಕೂಲಿನ ಮುದ್ರೆ ಅಂಟಿಸ್ತೀರಲ್ಲ, ಅದೇ ತೊಂದರೆ."

"ಮುದ್ರೆ ನಿನಗೇನು ಮಾಡ್ತು? ನಿಮ್ಮ ಸ್ಕೂಲಲ್ಲಿ ಇಲ್ಲ ಅಂತ ಉರಿನಾ?"

"ಮುದ್ರೆ ಆಕಾಶ ನೋಡ್ತಾ ಇರ್ಬೇಕು ಅಂತ ಹುಡುಗೀರಿಗೆ ಹೇಳಿದೀರಿ. ಆಗ ಪ್ರತಿ ಏಟೂ ಒಂದೇ ಜಾಗಕ್ಕೆ ಬೀಳತ್ತೆ. ನಮ್ಮವರು ಪ್ರತಿ ಹೊಡೆತಕ್ಕೂ ಬ್ಯಾಟನ್ನ ಕಾಲು ಸುತ್ತು ತಿರುಗಿಸ್ತಾರೆ."

"ನಮ್ಮವರು ಬ್ಯಾಟ್ ಹಿಡಿಯೋದು ಹೊಡಿಯೋಕೆ, ರೊಟ್ಟಿ ತಿರುಗಿಸೋಕಲ್ಲ" ಎಂದು ದೊಡ್ಡತ್ತಿಗೆ ಇಳಿದು ಹೋದರು.

ಆದರೆ ಸ್ಕೂಲಿನ ಸಾಮಾನಿನ ಕೋಣೆಗೆ ಬಂದವರೇ ಬಾಗಿಲು ಹಾಕಿಕೊಂಡು ಸತ್ತ ಬ್ಯಾಟು ನಾಲ್ಕನ್ನೂ ಬೆಂಚಿನ ಮೇಲೆ ಸಾಲಾಗಿ ಮಲಗಿಸಿದರು. ಮುದ್ರೆಯೆಲ್ಲ ಹೊಳೆಯುತ್ತಿತ್ತು, ಅವರೇ ದಿನಾ ಒರೆಸಿದ್ದು. ನಾಲ್ಕರಲ್ಲೂ ಬಿರುಕು ಮುದ್ರೆಯ ಅದೇ ಪಕ್ಕದಲ್ಲಿ, ಅದೇ ಮೂರು ಬೆರಳು ದೂರದಲ್ಲಿ. ಅಚ್ಚು ಹಾಕಿದ ಹಾಗೆ. ಆಮೇಲೆ ನೀಲಿ ಬ್ಯಾಟಿನ ಮುದ್ರೆಯನ್ನು ಉಗುರಿನಿಂದ ಕೆರೆಯತೊಡಗಿದರಂತೆ. ಇದನ್ನು ಅವರು ನನಗೆ ಹೇಳಿದ್ದು ಒಂದು ವರ್ಷದ ಮೇಲೆ, ಅದೂ ಆಣೆ ಹಾಕಿಸಿಕೊಂಡು. ಆಣೆ ನಿಮ್ಮ ಮೇಲೂ ಇದೆ.

ಅವತ್ತೇ ಸಂಜೆ ಹುಡುಗಿಯರಿಗೆ ಹೊಸ ಅಪ್ಪಣೆಯಾಯಿತು: ಪ್ರತಿ ಹೊಡೆತಕ್ಕೂ ಕಾಲು ಸುತ್ತು. ಯಾರು ಹೇಳಿಕೊಟ್ಟದ್ದು ಎಂದು ಒಬ್ಬಳು ಕೇಳಿದ್ದಕ್ಕೆ, ಹದಿನಾರು ವರ್ಷದ ಅನುಭವ ಎಂದರಂತೆ.

ದೊಡ್ಡ ಪಂದ್ಯ ಎದುರು ಸ್ಕೂಲಿನ ಮೇಲೇ ಬಿತ್ತು. ನಾವು ಸೋತೆವು, ನೀಲಿ ಬ್ಯಾಟು ಉಳಿಯಿತು, ಬೀಗದ ಕೈಯೂ. ಚಿಕ್ಕತ್ತಿಗೆ ಬೋಳು ಬ್ಯಾಟನ್ನು ನೋಡಿ, ಮುದ್ರೆ ಎಲ್ಲಿ ಹೋಯ್ತು ಅಕ್ಕ ಎಂದು ಕೇಳಿದರು.

"ಅಂಟು ಸರಿ ಇರ್ಲಿಲ್ಲ, ಬಿದ್ದೋಯ್ತು."

ಚಿಕ್ಕತ್ತಿಗೆ ನಗಲಿಲ್ಲ. ನಗದೆ ಇದ್ದದ್ದೇ ಇವರಿಗೆ ಹೆಚ್ಚು ಉರಿಯಿತು.

ಈಗ ನೀಲಿ ಬ್ಯಾಟಿಗೆ ಮೂರು ವರ್ಷ, ಕೆಂಪಿಗೆ ಆರು. ಇನ್ನು ಮೂರು ವರ್ಷ ಕಾದರೆ ಸಮ ಆಗ್ತೀವಿ ಎಂದು ದೊಡ್ಡತ್ತಿಗೆ ಮೊನ್ನೆ ಪಂದ್ಯದ ಮೈದಾನದಲ್ಲಿ ಲೆಕ್ಕ ಹೇಳಿದರು. ಅಷ್ಟರಲ್ಲಿ ಕೆಂಪಿಗೆ ಒಂಬತ್ತಾಗುತ್ತದಲ್ಲ ಎಂದೆ. ಅವರು ಲೋಟ ತೆಗೆದುಕೊಂಡು, ನೀರು ಕುಡಿಯಲು ಆ ಕಡೆ ನಡೆದರು.